ತಾಯಿನಾಯಿಯ ಬಾಣಂತನ: ದಯೆಗೂ ಪಥ್ಯ ಬೇಕು



ಮನೆಯಲ್ಲಿ ಮಗಳ ಬಾಣಂತನ ನಡೆಯುವಾಗ ಅಡುಗೆಮನೆಯ ಕ್ರಮವೇ ಬದಲಾಗುತ್ತದೆ. ಕೊಬ್ಬರಿ, ಉತ್ತತ್ತಿ, ಅಂಟು, ಒಣದ್ರಾಕ್ಷಿ, ಬೆಲ್ಲ, ತುಪ್ಪ ಸೇರಿಸಿ ಉಂಡೆ ಕಟ್ಟುತ್ತಾರೆ. ಊಟದಲ್ಲಿ ಬೆಳ್ಳುಳ್ಳಿ, ಮೆಣಸು ಹೆಚ್ಚುತ್ತವೆ. ಅದೇ ದಿನಗಳಲ್ಲಿ ಹಿತ್ತಲಿನ ಕಟ್ಟಿಗೆಯ ಮರೆಯಲ್ಲಿ ನಾಯಿಯೊಂದು ಮರಿ ಹಾಕಿದರೆ, ‘ಅದೂ ಬಾಣಂತಿಯಲ್ಲವೇ’ ಎಂದು ಮನೆಯ ಹಿರಿಯ ತಾಯಂದಿರು ಅದರ ಮುಂದೆಯೂ ಒಂದು ಉಂಡೆ ಇಡುವುದುಂಟು. ಆ ಭಾವ ದೊಡ್ಡದು. ಆದರೆ ಅದೇ ಉಂಡೆ ಆ ಜೀವಕ್ಕೆ ವಿಷವಾಗಬಲ್ಲದು. ಆದ್ದರಿಂದ ಈ ಸಂಚಿಕೆಯಲ್ಲಿ ತಾಯಿನಾಯಿಯ ಆಹಾರಕ್ರಮವನ್ನು ಕುರಿತು ವಿಚಾರ ಮಾಡೋಣ.

ನಮ್ಮ ಹಿಂದಿನವರು ಎಲ್ಲ ಜೀವಿಗಳಿಗೂ ಒಂದೇ ಔಷಧವನ್ನು ಹೇಳಲಿಲ್ಲ. ಆನೆಗಳಿಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕುದುರೆಗಳಿಗೆ ಶಾಲಿಹೋತ್ರನ ಶಾಸ್ತ್ರ ಬೇರೆಬೇರೆಯಾಗಿ ಬಂದವು. ಕನ್ನಡದಲ್ಲಿಯೇ ಕೀರ್ತಿವರ್ಮನು ಗೋವುಗಳಿಗಾಗಿ ‘ಗೋವೈದ್ಯ’ವನ್ನು ರಚಿಸಿದನು. ಪ್ರತಿ ಪ್ರಾಣಿಯ ಅಗ್ನಿ ಬೇರೆ, ಸಾತ್ಮ್ಯ ಬೇರೆ ಎಂಬ ಅರಿವು ಇದರ ಹಿಂದಿದೆ.

ಈ ಅರಿವನ್ನು ನಾವೇ ಒಮ್ಮೆ ಮರೆತಿದ್ದೆವು. ಸುಮಾರು 20 ವರ್ಷಗಳ ಹಿಂದೆ ಪರಿಚಿತ ರೈತರೊಬ್ಬರು ತಮ್ಮ ಗಬ್ಬದ ನಾಯಿಗೆ ಏನಾದರೂ ಶಕ್ತಿಯ ಔಷಧ ಕೊಡಿರೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಗರ್ಭಿಣಿಯರಿಗೆ ಕೊಡುವಂತೆಯೇ ಕ್ಯಾಲ್ಸಿಯಂ ಮಾತ್ರೆಗಳನ್ನು ಕೊಟ್ಟು ಕಳುಹಿಸಿದೆವು. ನಾಯಿ ಏಳು ಮರಿಗಳನ್ನು ಹಾಕಿತು. ಮೂರನೆಯ ವಾರದಲ್ಲಿ ಒಂದು ರಾತ್ರಿ ಅದು ಏದುಸಿರು ಬಿಡುತ್ತಾ, ಕಾಲುಗಳು ಸೆಟೆದು, ನಡುಗಿ ನೆಲಕ್ಕೆ ಬಿತ್ತು. ಪಶುವೈದ್ಯರು ಕ್ಯಾಲ್ಸಿಯಂ ದ್ರವವನ್ನು ನಿಧಾನವಾಗಿ ರಕ್ತನಾಳಕ್ಕೆ ಏರಿಸಿದ ಮೇಲೆ ಬದುಕಿತು. ‘ಗಬ್ಬದಲ್ಲಿ ಕೊಟ್ಟ ಮಾತ್ರೆ ಒಳಿತಿಗಿಂತ ಕೆಡುಕನ್ನೇ ಮಾಡಿರಬಹುದು’ ಎಂದು ಅವರು ತಿಳಿಸಿದಾಗ ನಾವು ತಲೆ ತಗ್ಗಿಸಿದೆವು. ಅಂದಿನಿಂದ ಪ್ರಾಣಿಗಳ ವಿಷಯದಲ್ಲಿ ಪಶುವೈದ್ಯರನ್ನು ಕೇಳದೆ ನಾವು ಸಲಹೆ ನೀಡುವುದಿಲ್ಲ. ಕೆಳಗಿನ ಮಾತುಗಳೂ ಅವರಿಂದ ಕಲಿತವೇ ಆಗಿವೆ.

ಗರ್ಭಕಾಲ

ನಾಯಿಯ ಗರ್ಭಕಾಲ ಸುಮಾರು 63 ದಿನಗಳು. ಮೊದಲ ಐದು ವಾರಗಳಲ್ಲಿ ಆಹಾರವನ್ನು ಹೆಚ್ಚಿಸುವ ಅಗತ್ಯವಿಲ್ಲ. ಆಗಲೇ ಹೆಚ್ಚು ತಿನ್ನಿಸಿದರೆ ಕೊಬ್ಬು ಬೆಳೆದು ಪ್ರಸವ ಕಷ್ಟವಾಗುತ್ತದೆ. ಮರಿಗಳ ಬೆಳವಣಿಗೆಯ ಬಹುಭಾಗ ನಡೆಯುವುದು ಕೊನೆಯ ಮೂರು ವಾರಗಳಲ್ಲಿ. ಆಗ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ, ಪ್ರಸವದ ಹೊತ್ತಿಗೆ ಎರಡು ಬಟ್ಟಲು ತಿನ್ನುತ್ತಿದ್ದ ನಾಯಿಗೆ ಎರಡೂವರೆಯಿಂದ ಮೂರು ಬಟ್ಟಲು ಸಿಗುವಂತಿರಬೇಕು. ಮರಿಗಳು ತುಂಬಿದ ಗರ್ಭಕೋಶವು ಹೊಟ್ಟೆಯನ್ನು ಒತ್ತುವುದರಿಂದ ಒಮ್ಮೆಲೇ ಉಣಿಸದೆ ದಿನಕ್ಕೆ ಮೂರು ನಾಲ್ಕು ಬಾರಿ ಹಂಚಿ ಕೊಡಬೇಕು.

ಬರಿಯ ಮುದ್ದೆ, ರೊಟ್ಟಿ, ಅನ್ನದಿಂದ ಈ ಹೊರೆ ನೀಗದು. ನಾಯಿಗೆ ಸಸಾರಜನಕವೂ ಜಿಡ್ಡೂ ನಮಗಿಂತ ಹೆಚ್ಚು ಬೇಕು. ಮೆತ್ತಗೆ ಬೇಯಿಸಿದ ಬೇಳೆ, ಅನ್ನ, ಗಟ್ಟಿ ಮೊಸರು, ಪನೀರು ಕೊಡಬಹುದು. ಬೇಯಿಸಿದ ಮೊಟ್ಟೆ ಬಹಳ ಉತ್ತಮ. ಅದು ಮನೆಯ ಆಚಾರಕ್ಕೆ ಒಗ್ಗದಿದ್ದರೆ, ಬೆಳೆಯುವ ಮರಿಗಳಿಗೆಂದು ಅಂಗಡಿಯಲ್ಲಿ ದೊರೆಯುವ ಸಿದ್ಧ ಆಹಾರವನ್ನು ತಾಯಿಗೂ ಕೊಡಬಹುದು. ಮನೆಯ ಊಟವೊಂದರಲ್ಲಿಯೇ ಎಲ್ಲ ಪೋಷಕಾಂಶಗಳು ಸರಿದೂಗುವುದು ಕಷ್ಟವಾದ್ದರಿಂದ, ಸಾಧ್ಯವಿದ್ದವರು ಸಿದ್ಧ ಆಹಾರವನ್ನೇ ಮುಖ್ಯವಾಗಿಸುವುದು ಲೇಸು.

ಮರಿ ಹಾಕುವ ದಿನ

ಪ್ರಸವಕ್ಕೆ ಒಂದು ದಿನ ಮೊದಲು ನಾಯಿಯ ಮೈಶಾಖವು ಸಾಮಾನ್ಯವಾದ 101–102 ಡಿಗ್ರಿ ಫ್ಯಾರನ್‌ಹೀಟಿನಿಂದ 99ಕ್ಕಿಂತ ಕೆಳಗೆ ಇಳಿಯುತ್ತದೆ. ಹಲವು ನಾಯಿಗಳು ಆಗ ಊಟ ಬಿಡುತ್ತವೆ. ಗಾಬರಿಯಿಂದ ಒತ್ತಾಯಿಸಬಾರದು; ಶುದ್ಧ ನೀರು ಬಳಿಯಲ್ಲಿದ್ದರೆ ಸಾಕು. ಮರಿ ಹಾಕಿದ ಮೇಲೆ ತಾಯಿ ಮಾಸನ್ನು ತಿನ್ನುವುದು ಸಹಜ. ಅದರಿಂದ ಒಂದೆರಡು ಬಾರಿ ಭೇದಿಯಾಗಬಹುದು. ಒಂದು ದಿನ ಕಳೆದರೂ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಬೇಕು.

ಹಾಲೂಡುವ ದಿನಗಳು

ನಿಜವಾದ ಹಸಿವು ಆರಂಭವಾಗುವುದು ಈಗ. ಹೊಟ್ಟೆಯಲ್ಲಿ ಮರಿಗಳಿದ್ದಾಗ ಕರುಣೆ ತೋರಿದವರು ಮರಿ ಹಾಕಿದ ಮೇಲೆ ಮರಿಗಳನ್ನೇ ನೋಡುತ್ತಾರೆ, ತಾಯಿಯನ್ನು ಮರೆಯುತ್ತಾರೆ. ಮೂರು ನಾಲ್ಕನೆಯ ವಾರದಲ್ಲಿ ಹಾಲಿನ ಬೇಡಿಕೆ ತುತ್ತತುದಿಗೆ ಏರುತ್ತದೆ. ಆಗ ತಾಯಿಗೆ ಎಂದಿನ ಆಹಾರದ ಎರಡರಿಂದ ಮೂರು ಪಟ್ಟು ಬೇಕು. ಮರಿಗಳು ಹೆಚ್ಚಾದಷ್ಟೂ ಪಾಲು ಹೆಚ್ಚು. ಮರಿಗಳನ್ನು ಬಿಟ್ಟು ದೂರ ಹೋಗಲು ಅದು ಒಪ್ಪದು. ಆದ್ದರಿಂದ ತಟ್ಟೆಯೂ ನೀರೂ ಅದರ ಸಮೀಪಕ್ಕೇ ಬರಬೇಕು. ಬೀದಿಯ ನಾಯಿಯಾದರೆ ತಟ್ಟೆಯನ್ನಿಟ್ಟು ಹಿಂದೆ ಸರಿಯಿರಿ. ಮಕ್ಕಳು ಮರಿಗಳನ್ನು ಮುಟ್ಟಲು ಬಿಡಬೇಡಿ. ಅಕಸ್ಮಾತ್ ಕಚ್ಚಿದರೆ ಸೋಪು, ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಮರಿಗಳು ಮೂರು ನಾಲ್ಕು ವಾರಗಳಾದಾಗ ಮೆತ್ತನೆಯ ಆಹಾರವನ್ನು ನೆಕ್ಕಲು ಕಲಿಯುತ್ತವೆ. ಆರರಿಂದ ಎಂಟನೆಯ ವಾರದೊಳಗೆ ಹಾಲು ಬಿಡುತ್ತವೆ. ಅದಕ್ಕೆ ತಕ್ಕಂತೆ ತಾಯಿಯ ಆಹಾರವನ್ನೂ ಹಿಂದಿನ ಅಳತೆಗೆ ಇಳಿಸಬೇಕು. ತಾಯಿಯಿಲ್ಲದ ಮರಿಗಳಿಗೆ ಹಸುವಿನ ಹಾಲು ಸಾಲದು. ನಾಯಿಯ ಹಾಲಿನಲ್ಲಿ ಕೊಬ್ಬೂ ಸಸಾರಜನಕವೂ ಅದಕ್ಕಿಂತ ಬಹಳ ಹೆಚ್ಚು. ಅಂಥ ಮರಿಗಳಿಗೆ ಬೇಕಾದ ಹಾಲಿನ ಪುಡಿ ಪಶುವೈದ್ಯರ ಬಳಿ ತಿಳಿಯುತ್ತದೆ.

ಕೊಡಬಾರದವು

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಚಾಕೊಲೇಟು ವಿಷ. ಆದ್ದರಿಂದ ಬಾಣಂತಿಯ ಉಂಡೆಯೂ, ಒಗ್ಗರಣೆ ಹಾಕಿದ ಸಾರೂ ನಾಯಿಗೆ ಬೇಡ. ಅನ್ನ ಬೇಳೆಗಳನ್ನು ಒಗ್ಗರಣೆಗೆ ಮೊದಲೇ ತೆಗೆದಿಡಿ. ಬೆಳೆದ ನಾಯಿಗಳಿಗೆ ಬರಿಯ ಹಾಲಿನಿಂದ ಭೇದಿಯಾಗಬಹುದು; ಮೊಸರು ಮೇಲು.

ಅಪಾಯದ ಲಕ್ಷಣ

ಹೈನು ಸಾಕುವವರಿಗೆ ಹಸುವಿನ ಹಾಲುಜ್ವರ ಗೊತ್ತಿದೆ. ನಾಯಿಗೂ ಹಾಗೆಯೇ ರಕ್ತದ ಕ್ಯಾಲ್ಸಿಯಂ ಒಮ್ಮೆಗೇ ಕುಸಿಯುತ್ತದೆ. ಮರಿ ಹಾಕಿದ ಮೊದಲ ನಾಲ್ಕು ವಾರಗಳಲ್ಲಿ, ಹೆಚ್ಚು ಮರಿಗಳಿರುವ ಸಣ್ಣ ತಳಿಯ ನಾಯಿಗಳಲ್ಲಿ ಇದು ಹೆಚ್ಚು. ಚಡಪಡಿಕೆ, ಏದುಸಿರು, ಸೆಟೆದ ನಡಿಗೆ, ನಡುಕ, ಜ್ವರ, ಸೆಳೆತ ಇದರ ಗುರುತುಗಳು. ಆಗ ಮರಿಗಳನ್ನು ಬೇರ್ಪಡಿಸಿ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಬಾಯಿಗೆ ಕಷಾಯ, ಭಸ್ಮ, ಮಾತ್ರೆ ಏನನ್ನೂ ಹಾಕಬಾರದು. ಗಬ್ಬದಲ್ಲಿಯೇ ಹೆಚ್ಚಾಗಿ ಕ್ಯಾಲ್ಸಿಯಂ ಕೊಟ್ಟರೆ, ಎಲುಬಿನಿಂದ ಅದನ್ನು ಒದಗಿಸಿಕೊಳ್ಳುವ ದೇಹದ ಸ್ವಂತ ಗ್ರಂಥಿಯು ಸೋಮಾರಿಯಾಗಿ, ಹಾಲಿಳಿಯುವಾಗ ಸಹಾಯಕ್ಕೆ ಬಾರದು. ನಮ್ಮ ತಪ್ಪು ಇದೇ ಆಗಿತ್ತು.

ಮರಿಗಳು ಹಾಲು ಬಿಟ್ಟು, ತಾಯಿ ಚೇತರಿಸಿಕೊಂಡ ಮೇಲೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ರೇಬೀಸ್ ಲಸಿಕೆಯನ್ನೂ ಮಾಡಿಸುವುದು ಈ ಸೇವೆಯ ಕೊನೆಯ ಭಾಗ. ಇಲ್ಲವಾದರೆ ಅದೇ ಹಸಿವು, ಅದೇ ನೋವು ಮತ್ತೆ ಬರುತ್ತದೆ.

ದಾಸೋಹವೆಂದರೆ ನಮ್ಮ ಬಳಿ ಇರುವುದನ್ನು ನೀಡುವುದಷ್ಟೇ ಅಲ್ಲ, ಎದುರಿನ ಜೀವಕ್ಕೆ ಹಿತವಾದುದನ್ನು ಅರಿತು ನೀಡುವುದು. ಹಿತ್ತಲಿನ ಆ ಮೂಕ ತಾಯಿಯ ಮುಂದೆ ತಟ್ಟೆ ಇಡುವಾಗ ಈ ಅರಿವು ನಮ್ಮೊಡನಿರಲಿ.