ಬೂಷ್ಟು ಬರುವ ಮುನ್ನ

ಹಾನಗಲ್, ಹಿರೇಕೆರೂರು ಕಡೆ ಗೋವಿನಜೋಳ ಮುರಿಯುವ ಹೊತ್ತಿಗೆ ಮಳೆ ಹಿಡಿದರೆ ರೈತರಿಗೆ ನಿದ್ದೆಯಿಲ್ಲ. ಹಸಿ ತೆನೆಗೆ ಬಿಸಿಲು ಸಿಗದಿದ್ದರೆ ಬೂಷ್ಟು ಕಟ್ಟುತ್ತದೆ, ದರ ಬೀಳುತ್ತದೆ. ಶಿಗ್ಗಾವಿ, ಸವಣೂರಿನ ಕಣಗಳಲ್ಲಿ ಒಣಗುವ ಮೆಣಸಿನಕಾಯಿಗೂ ಇದೇ ಭಯ. ಈ ಬೂಷ್ಟುಗಳಲ್ಲಿ ಕೆಲವು ಅಫ್ಲಾಟಾಕ್ಸಿನ್‌ನಂಥ ವಿಷವನ್ನೇ ಉಂಟುಮಾಡುತ್ತವೆ.

ಫ್ರಾನ್ಸಿನ ಬೋರ್ಡೋ ಪಟ್ಟಣದ ದಕ್ಷಿಣಕ್ಕಿರುವ ಸೋಟರ್ನ್ ಸೀಮೆಯವರು ಮಾತ್ರ ಬೂಷ್ಟಿನ ದಾರಿ ಕಾಯುತ್ತಾರೆ. ಅದು ಬೇರೆ ಜಾತಿಯ ಶಿಲೀಂಧ್ರ, ಹೆಸರು ಬೋಟ್ರೈಟಿಸ್ ಸಿನೇರಿಯಾ. ತಣ್ಣನೆಯ ಸಿರೋನ್ ಹೊಳೆ ಬೆಚ್ಚನೆಯ ಗರೋನ್ ನದಿಯನ್ನು ಸೇರುವಲ್ಲಿ ಶರತ್ಕಾಲದ ಬೆಳಗಿನಲ್ಲಿ ಮಂಜು ಏಳುತ್ತದೆ; ಶಿಲೀಂಧ್ರ ದ್ರಾಕ್ಷಿಯ ಮೇಲೆ ಕೂರುತ್ತದೆ. ಮಧ್ಯಾಹ್ನದ ಬಿಸಿಲು ಹಣ್ಣು ಕೊಳೆಯದಂತೆ ತಡೆಯುತ್ತದೆ. ಶಿಲೀಂಧ್ರ ಸಿಪ್ಪೆಯಲ್ಲಿ ಸಣ್ಣ ತೂತು ಕೊರೆದಾಗ ನೀರು ಆವಿಯಾಗಿ, ಸಕ್ಕರೆ ಉಳಿದು, ಹಣ್ಣು ಸುಕ್ಕುಗಟ್ಟುತ್ತದೆ.

ಮುಂದಿನದು ರಸವನ್ನು ವೈನಾಗಿಸುವ ಯೀಸ್ಟಿನ ಲೆಕ್ಕ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಮದ್ಯಸಾರ ಹುಟ್ಟುತ್ತದೆ. ಸಾಮಾನ್ಯ ಮಾಗಿದ ದ್ರಾಕ್ಷಿರಸದಲ್ಲಿ 220 ಗ್ರಾಂ ಇದ್ದರೆ ಯೀಸ್ಟ್ ಅದನ್ನೆಲ್ಲ ತಿಂದು ಮುಗಿಸುತ್ತದೆ. ಸಿಕ್ಕಿದ್ದು ಶೇ 13ರ ಒಣ, ಅಂದರೆ ಸಿಹಿಯಿಲ್ಲದ, ವೈನ್. ಬೂಷ್ಟು ಹಿಡಿದ ಹಣ್ಣಿನ ರಸದಲ್ಲಿ 350 ಗ್ರಾಂ ಇದೆ ಎನ್ನಿ. ಶೇ 14ರ ಆಸುಪಾಸಿನಲ್ಲಿ, ಅಷ್ಟು ಸಕ್ಕರೆಯ ಒತ್ತಡಕ್ಕೂ ತಾನೇ ಹುಟ್ಟಿಸಿದ ಮದ್ಯಸಾರಕ್ಕೂ ಯೀಸ್ಟ್ ಸೋಲುತ್ತದೆ. ನೂರು ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದುಬಿಡುತ್ತದೆ. ಸಿಹಿ ವೈನ್ ಅಂದರೆ ಯೀಸ್ಟ್ ಅರ್ಧಕ್ಕೆ ಬಿಟ್ಟ ಊಟ.

ಸೋಟರ್ನಿನ ಶಾತೊ ದಿಕೆಮ್ ಈ ಸಿಹಿಗೆ ಬೋರ್ಡೋ ವೈನುಗಳ 1855ರ ವರ್ಗೀಕರಣದಲ್ಲೇ ಎಲ್ಲರಿಗಿಂತ ಮೇಲಿನ ಸ್ಥಾನ ಪಡೆದ ಎಸ್ಟೇಟ್. ಆದರೆ ಬೂಷ್ಟು ಹೇಳಿದಂತೆ ಕೇಳುವುದಿಲ್ಲ. 1992ರಲ್ಲಿ, 2012ರಲ್ಲಿ ಹವಾಮಾನ ಕೈಕೊಟ್ಟು ಅವರು ಸಿಹಿ ವೈನನ್ನು ಹೊರತರಲೇ ಇಲ್ಲ. ಅದೇ ತೋಟದಿಂದ 1959ರಲ್ಲಿ ಒಂದು ಒಣ ಬಿಳಿ ವೈನ್ ಹುಟ್ಟಿತು: ಇಗ್ರೆಕ್. ಮೊದಲು ಆಯ್ದ ವರ್ಷಗಳಲ್ಲಷ್ಟೇ ಮಾಡುತ್ತಿದ್ದರು. 2004ರಿಂದ ಪ್ರತಿ ವರ್ಷ. ಈಗ ಇದಕ್ಕಾಗಿ ಸೋವಿನ್ಯಾನ್ ಬ್ಲಾಂಕ್ ಹಣ್ಣನ್ನು ಬೂಷ್ಟು ಬರುವ ಮುನ್ನವೇ ಕೊಯ್ಯುತ್ತಾರೆ. ಬೋಟ್ರೈಟಿಸ್ ಸ್ರವಿಸುವ ಲ್ಯಾಕೇಸ್ ಎಂಬ ಕಿಣ್ವ ರಸವನ್ನು ಕಂದಾಗಿಸುತ್ತದೆ. ಅದು ತಪ್ಪಿದರೇ ತಾಜಾತನ. ಸೋಟರ್ನ್ ಎಂಬ ಹೆಸರು ಕಾನೂನಿನಂತೆ ಸಿಹಿಗೆ ಮಾತ್ರ ಮೀಸಲಾದ್ದರಿಂದ ಇಗ್ರೆಕ್ ಬೋರ್ಡೋ ಎಂಬ ಸಾಮಾನ್ಯ ಹೆಸರಿನಲ್ಲಿ ಮಾರಾಟವಾಗುತ್ತದೆ. ನನಗೆ ಇದು ಅನ್ಯಾಯವೆನಿಸುತ್ತದೆ. ಮಣ್ಣು ಒಂದೇ, ತೋಟವೂ ಒಂದೇ.

ಸೋವಿನ್ಯಾನ್ ಬ್ಲಾಂಕ್ ನಮ್ಮ ನಂದಿಬೆಟ್ಟದ ತಪ್ಪಲಲ್ಲೂ ಬೆಳೆಯುತ್ತದೆ. ಆದರೆ ಕರ್ನಾಟಕದ ದ್ರಾಕ್ಷಿ ಅಕ್ಟೋಬರ್ ಚಾಟನಿಯ ನಂತರ ಚಿಗುರಿ ಬೇಸಿಗೆಯ ಹೊಸ್ತಿಲಲ್ಲಿ ಮಾಗುತ್ತದೆ. ಆ ಒಣ ಹವೆಯಲ್ಲಿ ಬೋಟ್ರೈಟಿಸ್‌ಗೆ ಬೇಕಾದ ತಂಪೂ ಇಲ್ಲ, ಮಂಜೂ ಇಲ್ಲ. ಇಲ್ಲಿನ ಚಿಂತೆ ಬೇರೆ: ಬಿಸಿಗೆ ಹಣ್ಣಿನ ಮ್ಯಾಲಿಕ್ ಆಮ್ಲ ಬೇಗ ಕರಗಿ ಹುಳಿ ಇಳಿಯುತ್ತದೆ. ಎತ್ತರದ ನೆಲವನ್ನು ಆರಿಸುವುದು ಇದಕ್ಕಾಗಿಯೇ.

ಹಾನಗಲ್ಲಿಗೆ ಹತ್ತಿರದ ಹಣ್ಣು ದ್ರಾಕ್ಷಿಯಲ್ಲ, ಆಪೂಸು ಮಾವು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾವಿನ ತಳಿಗಳನ್ನು ಸಿಹಿ ವೈನಿಗಾಗಿ ಪರೀಕ್ಷಿಸಿ 1984ರಲ್ಲೇ ಫಲಿತಾಂಶ ಪ್ರಕಟಿಸಿದ್ದಾರೆ. ಇಲ್ಲೂ ಅದೇ 17 ಗ್ರಾಂ ಲೆಕ್ಕ. ಲೀಟರಿಗೆ 170 ಗ್ರಾಂ ಸಕ್ಕರೆಯಿರುವ ಮಾವಿನ ರಸವನ್ನು ಯೀಸ್ಟಿಗೆ ಒಪ್ಪಿಸಿದರೆ ಶೇ 10ರ ಹೊತ್ತಿಗೆ ಸಕ್ಕರೆ ತೀರಿಹೋಗುತ್ತದೆ. ಸಿಹಿ ಬೇಕಾದರೆ ಸಕ್ಕರೆ ಬೆರೆಸಬೇಕು, ಇಲ್ಲವೇ ಯೀಸ್ಟನ್ನು ನಡುವೆ ತಡೆಯಬೇಕು. ಏನನ್ನೂ ಬೆರೆಸದೆ ಬಿಟ್ಟರೆ, ಅಷ್ಟು ಸಿಹಿಯಾದ ಆಪೂಸೂ ಕೊಡುವುದು ಒಣ ವೈನನ್ನೇ.