ಮೈಲಾರದ ಭಂಡಾರವೂ ವೈದ್ಯಗ್ರಂಥಗಳ ‘ನಿಶಾ’ ಶಬ್ದವೂ

ತುಂಗಭದ್ರೆಯ ತಡಿಯ ಮೈಲಾರಕ್ಷೇತ್ರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯನ್ನು ಕಂಡವರಿಗೆ ಅಲ್ಲಿಯ ಅರಿಸಿನದ ಪುಡಿಯ ನೆನಪು ಮಾಸುವುದಿಲ್ಲ. ಗೊರವರ ಕೈಯ ಭಂಡಾರವು ಭಕ್ತರ ಹಣೆಯನ್ನೇರುತ್ತದೆ. ದಾರಿ, ಬಟ್ಟೆ, ಕಂಬಳಿಗಳೆಲ್ಲ ಹೊಂಬಣ್ಣವಾಗುತ್ತವೆ. ಕಾರಣಿಕದ ನುಡಿಗಾಗಿ ನೆರೆದ ಆ ಜನಸ್ತೋಮದಲ್ಲಿ ಈ ಪುಡಿ ಏನೆಂದು ಅರಿಯದವರು ಒಬ್ಬರೂ ಇರಲಾರರು. ಆದರೆ ಅದೇ ದ್ರವ್ಯವು ವೈದ್ಯಗ್ರಂಥದ ಓಲೆಗರಿಯಲ್ಲಿ ಎದುರಾದಾಗ ಅದನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಔಷಧಿ ಸಸ್ಯಗಳ ವೈಜ್ಞಾನಿಕ ಪರೀಕ್ಷೆಯು ಪ್ರಯೋಗಶಾಲೆಯಲ್ಲಿ ಆರಂಭವಾಗುವುದೆಂಬುದು ಸಾಮಾನ್ಯ ತಿಳಿವಳಿಕೆ. ಅದಕ್ಕೂ ಮೊದಲು ಒಂದು ಪರೀಕ್ಷೆಯಿದೆ, ಅದು ಪಾಠನಿರ್ಣಯ. ಅಲ್ಲಿ ತಪ್ಪಿದರೆ ಮುಂದಿನದೆಲ್ಲವೂ ಬೇರೊಂದು ಗಿಡದ ಪರೀಕ್ಷೆಯಾಗುತ್ತದೆ ಎಂಬುದನ್ನು ಈ ಒಂದು ದ್ರವ್ಯದ ಮೂಲಕ ಇಲ್ಲಿ ವಿವರಿಸಲು ಯತ್ನಿಸಿದೆ.

ಅಮರಸಿಂಹನು ಅರಿಸಿನವನ್ನು ‘ನಿಶಾಖ್ಯಾ’ ಎಂದು ಕರೆದಿದ್ದಾನೆ. ಅಂದರೆ ರಾತ್ರಿಗೆ ಯಾವ ಯಾವ ಹೆಸರುಗಳುಂಟೋ ಅವೆಲ್ಲವೂ ಅರಿಸಿನಕ್ಕೂ ಸಲ್ಲುತ್ತವೆ. ಆದ್ದರಿಂದ ನಿಶಾ, ರಜನೀ, ರಾತ್ರಿ ಎಂಬ ಪದಗಳು ಯೋಗಗಳಲ್ಲಿ ಬಂದಾಗ ಛಂದಸ್ಸಿನ ಅನುಕೂಲಕ್ಕೆ ಕವಿ ಯಾವುದನ್ನಾದರೂ ಬಳಸಿರಬಹುದು. ಪ್ರಸ್ತುತ ಲೇಖಕನು ಈ ಉದ್ಯೋಗಕ್ಕೆ ಹೊಸಬನಾಗಿದ್ದಾಗ ಒಂದು ಲೇಪಯೋಗದ ‘ನಿಶಾದ್ವಯ’ವನ್ನು ‘ಎರಡು ರಾತ್ರಿ’ ಎಂದು ತಿಳಿದು, ಕಲ್ಕವನ್ನು ಎರಡು ರಾತ್ರಿ ನೆನೆಯಿಡಬೇಕೆಂದು ತಾತ್ಪರ್ಯ ಬರೆದಿದ್ದನು. ಅಮರವನ್ನು ಕಂಠಪಾಠ ಮಾಡಿದವನಿಗೇ ಹೀಗಾಯಿತು! ಕರಡನ್ನು ಓದಿದ ವೃದ್ಧ ವೈದ್ಯರೊಬ್ಬರು ನಕ್ಕು, “ಪಂಡಿತರೇ, ಎರಡು ರಾತ್ರಿಯಲ್ಲ, ಎರಡು ಅರಿಸಿನ” ಎಂದರು. ಲೇಪದಲ್ಲಿ ಎರಡು ಪ್ರಧಾನ ದ್ರವ್ಯಗಳೇ ಬಿಟ್ಟುಹೋಗಿದ್ದವು.

ಎರಡು ಅರಿಸಿನಗಳೆಂದರೆ ಹರಿದ್ರೆ ಮತ್ತು ದಾರುಹರಿದ್ರೆ. ಭಾವಪ್ರಕಾಶ ನಿಘಂಟು ಇವುಗಳೊಡನೆ ಕರ್ಪೂರಹರಿದ್ರೆ, ವನಹರಿದ್ರೆಗಳನ್ನೂ ಸೇರಿಸಿ ನಾಲ್ಕನ್ನು ಹೇಳುತ್ತದೆ. ಮೊದಲನೆಯದು ನಾವೆಲ್ಲ ಬಲ್ಲ ಕಂದ, ಸಸ್ಯಶಾಸ್ತ್ರದಲ್ಲಿ ಕುರ್ಕುಮಾ ಲೋಂಗಾ. ಎರಡನೆಯದಕ್ಕೆ ಇದರೊಡನೆ ಕುಲಸಂಬಂಧವೇ ಇಲ್ಲ. ಕಾಷ್ಠದ ಹಳದಿ ಬಣ್ಣವೊಂದೇ ಹೆಸರಿಗೆ ಕಾರಣ. ಅದರಲ್ಲಿಯೂ ಉತ್ತರದೇಶದ ವೈದ್ಯರು ದಾರುಹರಿದ್ರೆಯೆಂದು ಹಿಮಾಲಯದ ಬೆರ್ಬೆರಿಸ್ ಅರಿಸ್ಟಾಟಾ ಎಂಬ ಮುಳ್ಳುಪೊದೆಯನ್ನು ಗ್ರಹಿಸಿದರೆ, ದಕ್ಷಿಣದವರು ಪಶ್ಚಿಮಘಟ್ಟದ ಬಳ್ಳಿಯಾದ ಮರದರಿಸಿನವನ್ನು, ಅಂದರೆ ಕೊಸಿನಿಯಮ್ ಫೆನೆಸ್ಟ್ರಾಟಮ್ ಅನ್ನು ಗ್ರಹಿಸುತ್ತಾರೆ. ಸಂಸ್ಕೃತ ಶಬ್ದ ಒಂದೇ, ಗಿಡಗಳು ಎರಡು. ಕನ್ನಡನಾಡಿನಲ್ಲಿ ಬರೆದ ಪ್ರತಿಗೆ ಹಿಮಾಲಯದ ಪೊದೆಯನ್ನು ಅಂಟಿಸುವ ಮೊದಲು ಸಂಪಾದಕನು ಯೋಚಿಸಬೇಕು. ‘ಬ್ರಾಹ್ಮಿ’ಯ ವಿಷಯದಲ್ಲಿಯೂ ಇದೇ ತೊಡಕು, ನಮ್ಮಲ್ಲಿ ಬಹುಜನರು ಒಂದೆಲಗವನ್ನೇ ಬ್ರಾಹ್ಮಿಯೆನ್ನುತ್ತಾರೆ, ಇತರರು ನೀರಬ್ರಾಹ್ಮಿಯನ್ನು.

ಈ ಭೇದವು ಕೇವಲ ಶಬ್ದದ್ದಲ್ಲ. ಕಂದದ ಅರಿಸಿನದ ವರ್ಣದ್ರವ್ಯವಾದ ಕರ್ಕ್ಯುಮಿನ್ ಅನ್ನು ೧೮೧೫ರಲ್ಲಿ ಬೇರ್ಪಡಿಸಲಾಯಿತು. ಅದರ ರಚನೆ ೧೯೧೦ರಲ್ಲಿ ನಿಶ್ಚಿತವಾಯಿತು. ಅದು ನೀರಿನಲ್ಲಿ ಕರಗುವುದಿಲ್ಲವೆನ್ನಬಹುದು. ಕೊಬ್ಬಿನಲ್ಲಿ, ಮದ್ಯಸಾರದಲ್ಲಿ ಕರಗುತ್ತದೆ. ಮರದರಿಸಿನದಲ್ಲಿಯೂ ಬೆರ್ಬೆರಿಸ್‌ನಲ್ಲಿಯೂ ಇರುವುದು ಬೆರ್ಬೆರಿನ್ ಎಂಬ ಕಹಿಯಾದ ಕ್ಷಾರಾಭ, ಬೇರೆಯೇ ವಸ್ತು. ಸುಣ್ಣ ಬೆರೆಸಿದಾಗ ಅರಿಸಿನವು ಕೆಂಪಾಗುವುದನ್ನು ನಮ್ಮ ಮನೆಗಳ ಹೆಂಗಸರು ಆರತಿಯ ತಟ್ಟೆಯಲ್ಲಿ ದಿನವೂ ಕಾಣುತ್ತಾರೆ. ಅದು ಕರ್ಕ್ಯುಮಿನ್ನಿನ ಗುಣ, ಮರದರಿಸಿನ ಹಾಗೆ ಕೆಂಪಾಗುವುದಿಲ್ಲ. ಹೀಗಿರಲು ಯೋಗದ ಸ್ನೇಹವು ತುಪ್ಪವೋ ಎಣ್ಣೆಯೋ, ದ್ರವವು ನೀರೋ ಹಾಲೋ ಎಂಬ ಪಾಠಾಂತರವನ್ನು ‘ಅಲ್ಪ ವ್ಯತ್ಯಾಸ’ವೆಂದು ಕೈಬಿಡುವಂತಿಲ್ಲ. ಮದ್ಯವರ್ಜಿತವಾದ ಜೈನವೈದ್ಯದಲ್ಲಿ ಇಂಥ ದ್ರವ್ಯದ ಸಾರವನ್ನು ಹೊರತರಲು ಉಳಿಯುವ ಮಾರ್ಗ ಸ್ನೇಹವೇ ಆದ್ದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕು.

ಸಹದ್ರವ್ಯಗಳ ಮಾತೂ ಹೀಗೆಯೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕರ್ಕ್ಯುಮಿನ್ನಿನೊಡನೆ ಮೆಣಸಿನ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಅದರ ಪ್ರಮಾಣವು ಮನುಷ್ಯರಲ್ಲಿ ಸುಮಾರು ೨೦ ಪಟ್ಟು ಹೆಚ್ಚಿತು. ಇದನ್ನು ಓದಿ, ತ್ರಿಕಟುವನ್ನು ಸೇರಿಸಿದ ಪ್ರಾಚೀನರಿಗೆ ಇದೆಲ್ಲವೂ ತಿಳಿದಿತ್ತೆಂದು ಹಿಗ್ಗುವವರಿದ್ದಾರೆ. ಅವರು ೨೦೧೭ರಲ್ಲಿ ರಸಾಯನತಜ್ಞರು ಪ್ರಕಟಿಸಿದ ವಿಮರ್ಶೆಯನ್ನೂ ಓದಬೇಕು. ಕರ್ಕ್ಯುಮಿನ್ ಅಸ್ಥಿರವಾದುದು, ದೇಹಕ್ಕೆ ಸೇರುವುದು ಅತ್ಯಲ್ಪ, ನಿಯಂತ್ರಿತ ಮಾನವ ಪರೀಕ್ಷೆಗಳಲ್ಲಿ ಅದರ ಗುಣ ಸಿದ್ಧವಾಗಿಲ್ಲ ಎಂದು ಅಲ್ಲಿ ಹೇಳಿದೆ. ಮೆಣಸಿನ ಸಾರ ಸೇರಿಸಿದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಇತ್ತೀಚೆಗೆ ವರದಿಯಾಗಿವೆ. ಬೇರ್ಪಡಿಸಿದ ಒಂದು ಅಂಶದ ಫಲವನ್ನು ಇಡೀ ಯೋಗಕ್ಕೆ ಹೊರಿಸುವುದೂ, ಯೋಗದ ಕೀರ್ತಿಯನ್ನು ಆ ಅಂಶಕ್ಕೆ ಕೊಡುವುದೂ ಸಮನಾದ ದೋಷಗಳು.

ಜೈನಗ್ರಂಥಗಳ ಸಂಪಾದಕನಿಗೆ ಇನ್ನೊಂದು ಹೊಣೆಯಿದೆ. ಹಸಿ ಅರಿಸಿನವು ಕಂದ; ಅನಂತಕಾಯವೆಂಬ ಕಾರಣದಿಂದ ಶ್ರಾವಕನಿಗೆ ವರ್ಜ್ಯ. ಒಣಗಿ ಅಚಿತ್ತವಾದುದಕ್ಕೆ ಆ ಬಾಧೆಯಿಲ್ಲವೆಂಬುದು ರೂಢಿ. ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಶುಂಠಿಯನ್ನು ನಿಷೇಧಿಸುವಾಗ ‘ಆರ್ದ್ರ’ವೆಂಬ ವಿಶೇಷಣವನ್ನಿಟ್ಟಿರುವುದನ್ನು ಇಲ್ಲಿ ಸ್ಮರಿಸಬಹುದು. ಆದುದರಿಂದ ಯೋಗದಲ್ಲಿ ಆರ್ದ್ರ, ಶುಷ್ಕ, ಚೂರ್ಣ, ಸ್ವರಸ ಎಂಬ ಮಾತುಗಳಲ್ಲಿ ಯಾವುದಿದೆಯೆಂಬುದು ಆಚಾರ್ಯನ ಮತವನ್ನೂ ದ್ರವ್ಯದ ಗುಣವನ್ನೂ ಒಟ್ಟಿಗೆ ತಿಳಿಸುತ್ತದೆ. ಬೇಯಿಸಿ ಒಣಗಿಸಿದ ಕೊಂಬಿನಲ್ಲಿ ಹಸಿಕಂದದ ತೈಲಾಂಶವೆಲ್ಲ ಉಳಿದಿರುವುದಿಲ್ಲ.

ಈ ಪರಂಪರೆ ಸಣ್ಣದಲ್ಲ. ಮೈಲಾರದ ಸೀಮೆಯಲ್ಲಿಯೇ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು ಗಂಗ ದುರ್ವಿನೀತನು ಮಾಡಿಸಿದನೆಂದು ಅಲ್ಲಿಯ ಕ್ರಿ.ಶ. ೧೦೫೫ರ ಶಾಸನ ಹೇಳುತ್ತದೆ. ಆ ಅರಸನಿಗೆ ಪೂಜ್ಯಪಾದರು ಗುರುಗಳೆಂಬ ಪ್ರತೀತಿಯೂ ಇದೆ. ಇಷ್ಟರಿಂದ ಕೋಗಳಿಯಲ್ಲಿ ವೈದ್ಯಶಾಲೆಯಿತ್ತೆಂದು ಊಹಿಸುವುದು ಸಲ್ಲದು. ಆದರೆ ಪೂಜ್ಯಪಾದರ ವೈದ್ಯಕೃತಿಯನ್ನು ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಿಸಿದನು. ಅದಕ್ಕೆ ಮೊದಲೇ ಉಗ್ರಾದಿತ್ಯಾಚಾರ್ಯರು ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಕೇಸರಿಯನ್ನೂ ಪೂರ್ವಾಚಾರ್ಯರೆಂದು ಹೆಸರಿಸಿದ್ದರು. ಉಗ್ರಾದಿತ್ಯರ ಗ್ರಂಥವು ೧೯೪೦ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳಿಂದ ಸೊಲ್ಲಾಪುರದಲ್ಲಿಯೂ, ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ೧೯೪೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದಲೂ ಅಚ್ಚಾದವು.

ಅಚ್ಚಿನ ಮಾತಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಗಾಯ ಮಾಯಿಸಲು ಅರಿಸಿನದ ಪುಡಿಯನ್ನು ಬಳಸುವ ವಿಧಾನಕ್ಕೆ ೧೯೯೫ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿತು. ೧೯೯೭ರಲ್ಲಿ ಅದು ರದ್ದಾಯಿತು. ಆಗಿನ ಆ ದೇಶದ ಕಾನೂನಿನಲ್ಲಿ ಪರದೇಶದ ಬಳಕೆ, ಅದು ಎಷ್ಟೇ ಹಳೆಯದಾಗಿರಲಿ, ಎಷ್ಟೇ ಜನರದಾಗಿರಲಿ, ಪೂರ್ವಜ್ಞಾನಕ್ಕೆ ಸಾಕ್ಷಿಯಾಗುತ್ತಿರಲಿಲ್ಲ. ಮುದ್ರಿತವಾದ ಲಿಖಿತ ಪ್ರಮಾಣವೇ ಬೇಕಾಗಿತ್ತು. ಪರಿಷತ್ತು ಸಂಸ್ಕೃತ, ಹಿಂದೀ, ಉರ್ದು ಮೊದಲಾದ ಭಾಷೆಗಳ ೩೨ ಲೇಖ್ಯಗಳನ್ನು ಒಪ್ಪಿಸಿತು. ಅವುಗಳಲ್ಲಿ ೧೯೫೩ರಲ್ಲಿ ಭಾರತೀಯ ವೈದ್ಯ ಪತ್ರಿಕೆಯೊಂದರಲ್ಲಿ ಬಂದ ಲೇಖನವೂ ಇತ್ತು. ಮೈಲಾರದ ಅಷ್ಟೂ ಜನರು ಹೋಗಿ ನುಡಿದಿದ್ದರೂ ಆ ಮೊಕದ್ದಮೆಯಲ್ಲಿ ಅದು ನಡೆಯುತ್ತಿರಲಿಲ್ಲ. ಭಂಡಾರಗಳಲ್ಲಿ ಕಟ್ಟಿಟ್ಟ ಅಮುದ್ರಿತ ಓಲೆಗಳೂ ನಡೆಯುತ್ತಿರಲಿಲ್ಲ. ಇದಾದ ಮೇಲೆ ೨೦೦೧ರಲ್ಲಿ ಪಾರಂಪರಿಕ ಜ್ಞಾನದ ಗಣಕಕೋಶದ ಕಾರ್ಯ ಮೊದಲಾಯಿತು.

ಅಂಥ ಕೋಶಕ್ಕೆ ಹೋಗುವ ಪಾಠವು ‘ಎರಡು ರಾತ್ರಿ’ ಎಂದಿದ್ದರೆ ಅದು ಯಾವುದಕ್ಕೂ ಪ್ರಮಾಣವಾಗದು. ಆದ್ದರಿಂದ ಪಾಠದಲ್ಲಿ ಪ್ರತಿಯ ಶಬ್ದವನ್ನೇ ಇರಿಸಿ, ಗಿಡದ ಗುರುತನ್ನು ಟಿಪ್ಪಣಿಯಲ್ಲಿ ಕೊಡುವುದು ಲೇಸು. ಎರಡು ಗಿಡಗಳಿಗೆ ಅವಕಾಶವಿದ್ದಲ್ಲಿ ಎರಡನ್ನೂ ಹೆಸರಿಸಬೇಕು. ದ ಧ, ಎ ಏ, ಒ ಓ ಭೇದವನ್ನು ಲಿಪಿಕಾರರು ಬಹುಧಾ ತೋರಿಸದಿರುವ ನಮ್ಮ ಓಲೆಗಳಲ್ಲಿ, ದ್ರವ್ಯನಾಮ ಬಂದೆಡೆ ಗರಿಯ ಛಾಯಾಚಿತ್ರವನ್ನೂ ಜೊತೆಗಿಟ್ಟರೆ ಸಸ್ಯಶಾಸ್ತ್ರಜ್ಞನೂ ವೈದ್ಯನೂ ಅಲ್ಲಿಂದ ಮುಂದೆ ನಡೆಯಬಲ್ಲರು.