ಹಳೇ ಸೀಟಿಗೆ ಹೊಸ ಮೈ

ರೆಕ್ಸಿನ್‌ಗೆ ಬಿದ್ದ ಸೂಜಿಯ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಬಟ್ಟೆಯಾದರೆ ಹೊಲಿಗೆ ಬಿಚ್ಚಿ, ಉಗುರಿನಿಂದ ತೀಡಿ, ಇನ್ನೊಮ್ಮೆ ಹೊಲಿಯಬಹುದು. ರೆಕ್ಸಿನ್‌ನಲ್ಲಿ ತಪ್ಪಿದ ಸಾಲು ತಪ್ಪಿದ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಅದೇ ತೂತುಗಳಿಂದ ನೀರು ಒಳಗಿಳಿಯುತ್ತದೆ. ಬೆಂಗಳೂರಿನ ಜರಗನಹಳ್ಳಿಯ ಅಡ್ಡರಸ್ತೆಯೊಂದರ ಮನೆಯಲ್ಲಿ ಹೊಲಿಗೆ ಮಿಷಿನ್ ಮುಂದೆ ಕೂತ ಅಕ್ಕ ಅದಕ್ಕೇ ಗುಂಡುಸೂಜಿ ಮುಟ್ಟುವುದಿಲ್ಲ. ಎರಡು ತುಂಡುಗಳನ್ನು ಜೋಡಿಸಿ ಹಿಡಿಯಲು ಅವರಿಗೆ ಬೇಕಾದದ್ದು ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪು.

ಅವರ ಕೈಯಲ್ಲಿದ್ದದ್ದು ಗಾಲ್ಫ್ ಕಾರ್ಟಿನ ಸೀಟು. ಗಾಲ್ಫ್ ಮೈದಾನದ್ದಲ್ಲ, ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ವಯಸ್ಸಾದವರನ್ನು ಗೇಟಿನಿಂದ ಮನೆ ಬಾಗಿಲಿಗೆ ಕರೆದೊಯ್ಯುವ ಬ್ಯಾಟರಿ ಗಾಡಿಯದು. ಸೀಟು ಬಿಚ್ಚುವುದು, ರೆಕ್ಸಿನ್ ಎಳೆದು ಕೂರಿಸುವುದು ಗಂಡನ ಪಾಲು. ಹೊಲಿಗೆಯೆಲ್ಲ ಅಕ್ಕನದು. ಹೆಸರು ಹಾಕುವುದು ಬೇಡ, ಕೆಲಸದ ಬಗ್ಗೆ ಬರೆದರೆ ಸಾಕು ಎಂದರು ಇಬ್ಬರೂ.

ಮದುವೆಗೆ ಮುಂಚೆ ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ದಿನವಿಡೀ ಶರ್ಟಿನ ಕಾಲರ್ ಹೊಲಿಯುವ ಕೆಲಸ. ಕಾಲರಿನ ಅಂಚಿನಲ್ಲಿ ಹೊಲಿಗೆ ಕೂದಲೆಳೆಯಷ್ಟು ಸರಿದರೂ ಪೀಸು ವಾಪಸು ಬರುತ್ತಿತ್ತಂತೆ. ಆ ಕಣ್ಣು ಈಗ ಪೈಪಿಂಗ್‌ಗೆ ಒದಗಿದೆ. ಸೀಟಿನ ಅಂಚಿನುದ್ದಕ್ಕೂ ಉಬ್ಬಿ ನಿಲ್ಲುವ ಗೆರೆಯೇ ಪೈಪಿಂಗ್. ರೆಕ್ಸಿನ್ ಪಟ್ಟಿಯೊಳಗೆ ದಾರದ ಹುರಿ ಇಟ್ಟು ಮಡಿಸಿ, ಮೇಲಿನ ತುಂಡಿಗೂ ಪಕ್ಕದ ತುಂಡಿಗೂ ನಡುವೆ ಅದನ್ನು ಕೂರಿಸಿ, ಹುರಿಗೆ ತಾಗಿದಂತೆ ಹೊಲಿಗೆ ಓಡಿಸಬೇಕು. ಹುರಿಯ ಮೇಲೆ ಹತ್ತಿದರೆ ಸೂಜಿ ಮುರಿಯಬಹುದು, ದೂರ ಸರಿದರೆ ಪೈಪಿಂಗ್ ಜೋಲುತ್ತದೆ. ಮೂಲೆ ಬಂದಾಗ ಪಟ್ಟಿಯ ಅಂಚಿಗೆ ಕತ್ತರಿಯಿಂದ ಸಣ್ಣಸಣ್ಣ ಕಚ್ಚು ಕೊಟ್ಟು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಹೊಲಿಗೆ ಇಳಿಸುತ್ತಾರೆ.

ರೆಕ್ಸಿನ್ ಮಿಷಿನ್ನಿನ ಪಾದಕ್ಕೆ ಅಂಟಿಕೊಳ್ಳುವ ಜಾತಿ. ಜಾರಿ ಮುಂದಕ್ಕೆ ಹೋಗಲೆಂದು ಅಕ್ಕ ಮುಖಕ್ಕೆ ಹಚ್ಚುವ ಪೌಡರನ್ನೇ ಚಿಟಿಕೆ ಉದುರಿಸುತ್ತಾರೆ. ಸೂಜಿ 18ನೇ ನಂಬರಿನದು, ದಾರ ನೈಲಾನಿನದು. ಹೊಲಿಗೆ ಒತ್ತಾಗಿರಬಾರದು, ಸುಮಾರು 4 ಮಿಲಿಮೀಟರ್ ಅಂತರ ಬೇಕು. ತೂತುಗಳು ಹತ್ತಿರ ಬಿದ್ದಷ್ಟೂ ರೆಕ್ಸಿನ್ ಅಂಚೆಚೀಟಿಯ ಹಾಗೆ ಆ ಸಾಲಿನಲ್ಲೇ ಹರಿದು ಬರುತ್ತದೆ. ಗಾರ್ಮೆಂಟ್ಸಿನಲ್ಲಿ ಒತ್ತು ಹೊಲಿಗೆ ಕಲಿತ ಕೈ ಇದಕ್ಕೆ ಪಳಗಲು ತಿಂಗಳುಗಳೇ ಹಿಡಿದವಂತೆ.

ಅಕ್ಕನ ಗಂಡ, ಅಂದರೆ ಅಣ್ಣ, ಕಸುಬು ಕಲಿತದ್ದು ಜೆ.ಸಿ. ರಸ್ತೆಯಲ್ಲಿ, ಹುಡುಗನಾಗಿದ್ದಾಗ ಆಟೊ ಸೀಟುಗಳ ಅಂಗಡಿಗೆ ಸೇರಿ. ಅವರ ಉಸ್ತಾದರು ಕೆಲಸ ಮಾಡುತ್ತಿದ್ದ ಕಾಲಕ್ಕೆ ಸೀಟಿನೊಳಗೆ ತೆಂಗಿನ ನಾರು ತುಂಬುತ್ತಿದ್ದರು. ಫೋಮ್ ಆಮೇಲೆ ಬಂತು. ಅದರ ಮೇಲೆ ಹೊದಿಸುವ ರೆಕ್ಸಿನ್ ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಂಪನಿಯೊಂದರ ಸರಕಿನ ಹೆಸರಾಗಿ. ಇನ್ನು ಬ್ಯಾಟರಿ ಗಾಡಿ ಬೆಂಗಳೂರಿಗೆ ಹೊಸದಲ್ಲ, ಬ್ಯಾಟರಿಯಲ್ಲಿ ಓಡುವ ರೇವಾ ಕಾರು 2001ರಲ್ಲಿ ರಸ್ತೆಗಿಳಿದದ್ದು ಇದೇ ಊರಿನಿಂದ. ಲಾಲ್‌ಬಾಗಿನಲ್ಲಿ ಬ್ಯಾಟರಿ ಗಾಡಿ ಹತ್ತಿ ಸುತ್ತಿದವರು ಅದೆಷ್ಟೋ ಮಂದಿ. ಅಷ್ಟು ಜನ ಕೂತೆದ್ದ ಸೀಟು ಒಂದಲ್ಲ ಒಂದು ದಿನ ಹರಿಯಲೇಬೇಕು.

ಹರಿದ ಸೀಟನ್ನು ಅಣ್ಣ ಮೊದಲು ಬೋರಲು ಹಾಕುತ್ತಾರೆ. ರೋಗ ಇರುವುದು ಅಡಿಯಲ್ಲಿ. ಈ ಗಾಡಿಗಳಲ್ಲಿ ಬ್ಯಾಟರಿಗಳು ಸೀಟಿನ ಕೆಳಗೇ ಇರುತ್ತವೆ. ಚಾರ್ಜ್ ಆಗುವಾಗ ಏಳುವ ಆಸಿಡ್ ಹಬೆ ಕವರು ಹಿಡಿದಿಡಲು ಪ್ಲೈವುಡ್ ಹಲಗೆಗೆ ಹೊಡೆದ ಸ್ಟೇಪಲ್ ಪಿನ್ನುಗಳನ್ನು ತಿನ್ನುತ್ತದೆ. ಅದಕ್ಕೇ ಅವರು ಹೊಡೆಯುವುದು ಸ್ಟೇನ್‌ಲೆಸ್ ಸ್ಟೀಲ್ ಪಿನ್. ಸ್ಕ್ರೂಡ್ರೈವರ್‌ನಿಂದ ಮೀಟಿ, ಕಟಿಂಗ್ ಪ್ಲೇಯರ್‌ನಿಂದ ಹಳೇ ಪಿನ್ ಒಂದೊಂದಾಗಿ ಕಿತ್ತ ಮೇಲೆ ಕವರು ಬಿಚ್ಚಿಕೊಳ್ಳುತ್ತದೆ. ಅದರ ಹೊಲಿಗೆ ಬಿಚ್ಚಿದರೆ ತುಂಡುಗಳೇ ಹೊಸ ಕವರಿಗೆ ಅಳತೆ. ಫೋಮ್ ಚೆನ್ನಾಗಿದ್ದರೆ ಒಣಗಿಸಿ ಅದನ್ನೇ ಇಡುತ್ತಾರೆ. ಕುಗ್ಗಿದ್ದರೆ 40 ಡೆನ್ಸಿಟಿಯ ಹೊಸ ಫೋಮ್, ಹಲಗೆಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿದ್ದು. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಹೊಸ ಕವರನ್ನು ತುಸು ಹೊತ್ತು ಬಿಸಿಲಿಗಿಟ್ಟು ಮೆತ್ತಗಾದಾಗ ಎಳೆಯುವುದು: ಮುಂದಿನ ನಡುಮಧ್ಯಕ್ಕೊಂದು ಪಿನ್, ಹಿಂದಿನ ನಡುಮಧ್ಯಕ್ಕೊಂದು, ಅಲ್ಲಿಂದ ಎರಡೂ ಬದಿಗೆ. ಮೂಲೆ ಕೊನೆಗೆ. ಮೂಲೆಯಿಂದ ಶುರು ಮಾಡಿದವರ ಸೀಟಿನ ತುಂಬ ಸುಕ್ಕು.

ಇಷ್ಟೆಲ್ಲ ನಡೆಯುವುದು ಮನೆಯ ಮುಂದಿನ ಕೋಣೆಯಲ್ಲಿ. ಮೊದಲು ಕನಕಪುರ ರಸ್ತೆಗೇ ಮುಖ ಮಾಡಿದ ಅಂಗಡಿ ಇತ್ತು. 2017ರ ಜೂನ್‌ನಲ್ಲಿ ಮೆಟ್ರೊ ಯಲಚೇನಹಳ್ಳಿಯವರೆಗೆ ಬಂತು. ಆಮೇಲಿನ ವರ್ಷಗಳಲ್ಲಿ ಬಾಡಿಗೆ ಏರುತ್ತ ಹೋಗಿ ಇವರು ಅಂಗಡಿ ಬಿಟ್ಟರು. ಮನೆಗೆ ಬೋರ್ಡಿಲ್ಲ, ಜಿಎಸ್‌ಟಿ ಬಿಲ್ಲಿಲ್ಲ. ಬಿಲ್ಲಿಲ್ಲವೆಂದು ಅಪಾರ್ಟ್‌ಮೆಂಟಿನವರು ನೇರವಾಗಿ ಕೊಡುವುದಿಲ್ಲ. ಕೆಲಸ ನಡುವೆ ಒಬ್ಬರ ಕೈ ದಾಟಿ, ಕೂಲಿ ಇಳಿದು ಇಲ್ಲಿಗೆ ಬರುತ್ತದೆ. ಕೆಲಸಕ್ಕೆ ಬಳಸುವ ಅಂಟಿನ ವಾಸನೆ ಮನೆಯವರೆಲ್ಲರ ಮೂಗಿಗೆ. ಹರಿದರೆ ಸೀಟನ್ನೇ ಎಸೆದು ಹೊಸದು ತರಿಸುವವರೂ ಹೆಚ್ಚುತ್ತಿದ್ದಾರೆ. ಗಟ್ಟಿ ಹಲಗೆ, ಬಾಳಿಕೆ ಬರುವ ಫೋಮ್ ಎಲ್ಲ ಕಸಕ್ಕೆ. ಮಣ್ಣಿನಲ್ಲಿ ಕರಗದ ವಸ್ತುವನ್ನು ಇನ್ನಷ್ಟು ವರ್ಷ ಬಳಕೆಯಲ್ಲಿ ಉಳಿಸುವ ಈ ಕೆಲಸಕ್ಕೆ ನಗರ ಋಣಿಯಾಗಿರಬೇಕು.

ಕುಶಲಕರ್ಮಿಗಳಿಗೆಂದು 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿಗಳಿದ್ದಾರೆ, ದರ್ಜಿಗಳಿದ್ದಾರೆ, ನಾರು ನೇಯುವವರಿದ್ದಾರೆ. ಇವರಂತೆ ಸೀಟು ಕಟ್ಟುವ ಕುಶನ್ ಕೆಲಸದವರ ಹೆಸರಿಲ್ಲ. ಹಲಗೆ, ಹೊಲಿಗೆ ಎರಡನ್ನೂ ಬಲ್ಲ ಈ ಕಸುಬಿಗೂ ಆ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕರೆ ಸಾಲಕ್ಕೂ ತರಬೇತಿಗೂ ದಾರಿಯಾದೀತು. ಅಷ್ಟರವರೆಗೆ ಅಪಾರ್ಟ್‌ಮೆಂಟಿನ ಸಂಘಗಳು ಸೀಟು ಎಸೆಯುವ ಮುನ್ನ ತಮ್ಮ ಬೀದಿಯ ಕುಶನ್ ಕೆಲಸದವರನ್ನು ಕರೆದು ತೋರಿಸಬಹುದು.

ಮಗಳು ಬಿ.ಕಾಂ. ಓದುತ್ತಿದ್ದಾಳೆ. ಅವಳು ಮಿಷಿನ್ ತುಳಿಯುವುದು ಅಕ್ಕನಿಗೆ ಇಷ್ಟವಿಲ್ಲ. ಹೊರಗಿನಿಂದ ಕಲಿಯಲು ಬಂದವರಿಗೆ ಅಣ್ಣ ಮೊದಲು ಕೊಡುತ್ತಿದ್ದದ್ದು ಹಳೇ ಪಿನ್ ಕೀಳುವ ಕೆಲಸ. ಅಣ್ಣನಿಗೂ ಉಸ್ತಾದರು ಕೊಟ್ಟದ್ದು ಅದೇ. ಈಗ ಕೆಲವು ವರ್ಷಗಳಿಂದ ಆ ಪಿನ್ನುಗಳನ್ನು ಅವರೇ ಕೀಳುತ್ತಿದ್ದಾರೆ.